ರೋಮನ್ ಸರ್ಕಸ್‌ನ ನಕ್ಷೆ ಓದುವ ಬಗೆ: ನಡುಗೋಡೆ ಓರೆಯಾಗಿರುವುದೇಕೆ?

ಸರ್ಕಸ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಡೇರೆ, ಜೋಕರ್, ತೂಗುಯ್ಯಾಲೆ. ರೋಮನ್ನರಿಗೆ ಅದು ರಥದ ಓಟದ ಕಣ. ಪರೀಕ್ಷೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ, ಹಾಗಾಗಿ ಮೊದಲು ಮೂರು ಕಟ್ಟಡಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಆಂಫಿಥಿಯೇಟರ್ ಮೊಟ್ಟೆಯಾಕಾರದ್ದು, ಕತ್ತಿಮಲ್ಲರ ಕಾಳಗಕ್ಕೆ. ಕೊಲೋಸಿಯಮ್ ಈ ಜಾತಿ. ಸ್ಟೇಡಿಯಂ ಉದ್ದವಾಗಿದ್ದರೂ ಚಿಕ್ಕದು, ಓಡುವವರು ಮನುಷ್ಯರು, ನಡುವೆ ಗೋಡೆ ಇರುವುದಿಲ್ಲ. ಸರ್ಕಸ್ ಇನ್ನೂ ಉದ್ದ. ಒಂದು ತುದಿ ಅರೆವೃತ್ತ, ಇನ್ನೊಂದು ತುದಿಯಲ್ಲಿ ರಥ ಬಿಡುವ ಗೂಡುಗಳು, ನಡುವೆ ಉದ್ದನೆಯ ಗೋಡೆ. ರೋಮ್‌ನ ಪಿಯಾಝಾ ನವೋನಾ ಚೌಕವನ್ನು ಸರ್ಕಸ್ ಎಂದು ಬರೆಯಬೇಡಿ, ಅದು ಚಕ್ರವರ್ತಿ ಡೊಮಿಶಿಯನ್‌ನ ಸ್ಟೇಡಿಯಂ. ಗೊಂದಲ ಹೆಚ್ಚಿಸಲೆಂದೇ ಎಂಬಂತೆ, ಅಲ್ಲಿ ಈಗ ನಿಂತಿರುವ ಒಬೆಲಿಸ್ಕ್ (ಚೂಪು ತುದಿಯ ಎತ್ತರದ ಕಲ್ಲುಗಂಬ) ಮಾತ್ರ ನಿಜವಾದ ಸರ್ಕಸ್ ಒಂದರಿಂದ ಬಂದದ್ದು.

ಆ ಸರ್ಕಸ್ ಮ್ಯಾಕ್ಸೆಂಟಿಯಸ್‌ನದು. ಕ್ರಿ.ಶ. 306ರಿಂದ 312ರವರೆಗೆ ಆಳಿದ ಈ ಚಕ್ರವರ್ತಿ ರೋಮ್‌ನಿಂದ ಹೊರಡುವ ಹಳೆಯ ಹೆದ್ದಾರಿಯಾದ ಆಪಿಯನ್ ದಾರಿಯ ಪಕ್ಕದಲ್ಲಿ ಅದನ್ನು ಕಟ್ಟಿಸಿದ. ಉದ್ದ ಸುಮಾರು 513 ಮೀಟರ್, ಅಗಲ ಸುಮಾರು 91 ಮೀಟರ್, ಕೂರಬಹುದಾದವರು ಸುಮಾರು 10,000. ಸರ್ಕಸ್ ಮ್ಯಾಕ್ಸಿಮಸ್ (621 × 118 ಮೀಟರ್) ಇದಕ್ಕಿಂತ ಎಷ್ಟೋ ದೊಡ್ಡದು, ಹೆಚ್ಚು ಹೆಸರುವಾಸಿಯೂ ಅದೇ. ಆದರೆ ಅಲ್ಲಿ ಹೋದರೆ ಕಾಣುವುದು ಬಹುಪಾಲು ಹುಲ್ಲುಹಾಸು. ಕಲಿಯಲು ಮ್ಯಾಕ್ಸೆಂಟಿಯಸ್‌ನದೇ ಒಳ್ಳೆಯದು: ಗೂಡುಗಳ ಅಕ್ಕಪಕ್ಕದ ಗೋಪುರ, ನಡುಗೋಡೆಯ ಬುನಾದಿ ಎಲ್ಲವೂ ಉಳಿದಿವೆ. ಪ್ರೇಕ್ಷಕರ ಕಟ್ಟೆಯ ಕೆಳಗಿನ ಕಮಾನಿನಲ್ಲಿ ಒಡೆದ ಮಣ್ಣಿನ ಹೂಜಿಗಳು ಹುದುಗಿರುವುದು ಕಾಣುತ್ತದೆ. ಕಸ ತುಂಬಿ ಕಟ್ಟಿದ್ದಾರೆ ಎಂದುಕೊಳ್ಳಬೇಡಿ. ಟೊಳ್ಳು ಹೂಜಿ ಸೇರಿಸಿದರೆ ಕಾಂಕ್ರೀಟಿನ ತೂಕ ಇಳಿಯುತ್ತದೆ.

ಈಗ ನಕ್ಷೆ ನೋಡಿ. ಗೂಡುಗಳ ಸಾಲು ನೇರವಾಗಿಲ್ಲ, ಬಾಗಿ ಓರೆಯಾಗಿದೆ. ನಡುಗೋಡೆ ಪಕ್ಕದ ಕಟ್ಟೆಗಳಿಗೆ ಸಮಾನಾಂತರವಾಗಿಲ್ಲ. ಬಲಗಡೆಯ ಕಟ್ಟೆ ಒಂದು ಕಡೆ ಹೊರಕ್ಕೆ ಬಾಗಿದೆ. ಮೇಸ್ತ್ರಿಯ ತಪ್ಪೆಂದು ಸ್ಕೇಲ್ ಹಿಡಿದು ನೇರ ಮಾಡಿದಿರೋ, ಇಡೀ ಚಿತ್ರ ಕೆಟ್ಟಿತು.

ಕಾರಣ ಸರಳ. 12 ಗೂಡುಗಳು, ನಡುವಿನ ಬಾಗಿಲಿನ ಆ ಕಡೆ 6, ಈ ಕಡೆ 6. ಹೊರಟ ರಥಗಳೆಲ್ಲ ನಡುಗೋಡೆಯ ಬಲಗಡೆಯ ಹಾದಿಗೇ ನುಗ್ಗಬೇಕು. ಗೂಡುಗಳು ನೇರ ಸಾಲಿನಲ್ಲಿದ್ದರೆ ಬಲತುದಿಯವನಿಗೆ ದೂರ ಕಡಿಮೆ, ಎಡತುದಿಯವನಿಗೆ ಹೆಚ್ಚು. ಅದಕ್ಕೇ ಕೈವಾರದ ಮುಳ್ಳನ್ನು ನಡುಗೋಡೆಯ ಹತ್ತಿರದ ತುದಿ ಮತ್ತು ಬಲಗಟ್ಟೆಯ ನಡುವೆ ಊರಿ, ಅಲ್ಲಿಂದ ಎಳೆದ ಕಮಾನಿನ ಮೇಲೆ ಗೂಡುಗಳನ್ನು ಕೂರಿಸಿದರು. ಎಲ್ಲರಿಗೂ ಒಂದೇ ದೂರ. ಯಾರಿಗೆ ಯಾವ ಗೂಡು ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡುತ್ತಿದ್ದರು. ಅಧಿಕಾರಿ ಬಿಳಿ ಬಟ್ಟೆ ಬೀಳಿಸಿದೊಡನೆ ಬಾಗಿಲುಗಳೆಲ್ಲ ಒಟ್ಟಿಗೆ ತೆರೆಯುತ್ತಿದ್ದವು. ನೆಲದ ಮೇಲಿನ ಬಿಳಿ ಗೆರೆ ದಾಟುವವರೆಗೆ ಅವರವರ ಹಾದಿ. ದಾಟಿದ ಮೇಲೆ ಅಡ್ಡ ನುಗ್ಗಬಹುದು.

ನಾಲ್ಕು ಕುದುರೆಯ 12 ರಥ ಎಂದರೆ 48 ಕುದುರೆ ಒಮ್ಮೆಗೇ ಬಲಗಡೆಗೆ ಬರುತ್ತವೆ. ಆ ಬಾಯಿ ಅಗಲವಾಗಿರಲೇಬೇಕು. ದೂರದ ತಿರುವು ಮುಗಿಸಿ ಎಡಗಡೆಗೆ ಬರುವಷ್ಟರಲ್ಲಿ ರಥಗಳು ಒಂದರ ಹಿಂದೊಂದು ಎಳೆದುಕೊಂಡಿರುತ್ತವೆ. ಅಲ್ಲಿ ಕಡಿಮೆ ಜಾಗ ಸಾಕು. ನಡುಗೋಡೆ ಓರೆಯಾದದ್ದು ಇದಕ್ಕೆ.

ಆ ಗೋಡೆಯ ಉದ್ದ ಸುಮಾರು 296 ಮೀಟರ್. ಓಟ 7 ಸುತ್ತು. ಎರಡೂ ಬದಿ ಸೇರಿಸಿದರೆ 7 × 592 = 4,144 ಮೀಟರ್, ತಿರುವಿನ ದೂರ ಬೇರೆ. ಸುತ್ತು ಎಣಿಸಲು ಸರ್ಕಸ್ ಮ್ಯಾಕ್ಸಿಮಸ್‌ನಲ್ಲಿ ಮರದ ಮೊಟ್ಟೆಗಳಿದ್ದವು (ಕ್ರಿ.ಪೂ. 174ರ ಉಲ್ಲೇಖ), ಕ್ರಿ.ಪೂ. 33ರಲ್ಲಿ ಅಗಸ್ಟಸ್‌ನ ಸೇನಾಪತಿ ಅಗ್ರಿಪ್ಪ ಡಾಲ್ಫಿನ್ ಮೀನಿನ ಬೊಂಬೆಗಳನ್ನು ಸೇರಿಸಿದ. ಗೋಡೆಗೆ ‘ಸ್ಪೀನಾ’ ಎಂಬ ಹೆಸರು ಬಂದದ್ದು ತಡವಾಗಿ. ಮೇಲೆ ನೀರಿನ ತೊಟ್ಟಿಗಳಿದ್ದುದರಿಂದ ‘ಯೂರಿಪಸ್’, ಅಂದರೆ ಕಾಲುವೆ, ಎಂಬುದೇ ಹಳೆಯ ಬಳಕೆ.

ಅಪಾಯವೆಲ್ಲ ಇದ್ದದ್ದು ತಿರುವಿನಲ್ಲಿ. ಗೋಡೆಯ ಎರಡೂ ತುದಿಗೆ ಮೂರು ಮೂರು ಶಂಕುವಿನಾಕಾರದ ಕಂಬ, ಹೆಸರು ‘ಮೇಟಾ’. ಓಟ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ, ಹಾಗಾಗಿ ಕಂಬ ಯಾವಾಗಲೂ ಎಡಕ್ಕೆ. ನೊಗ ಇದ್ದದ್ದು ನಡುವಿನ ಎರಡು ಕುದುರೆಗೆ ಮಾತ್ರ. ಹೊರಗಿನ ಎರಡನ್ನು ತೊಗಲಿನ ಮಿಣಿಯಿಂದ ಕಟ್ಟುತ್ತಿದ್ದರು. ಎಡತುದಿಯ ಕುದುರೆ ಕಂಬವನ್ನು ಉಜ್ಜಿದಂತೆ ತಿರುಗಬೇಕು, ಬಲತುದಿಯದು ಅದೇ ಹೊತ್ತಿನಲ್ಲಿ ದೊಡ್ಡ ಸುತ್ತು ಹೊಡೆಯಬೇಕು. ಎಡದ್ದು ಬೆದರಿ ಒಂದು ಗೇಣು ಒಳಕ್ಕೆ ಸರಿದರೆ ಅಚ್ಚಿನ ತುದಿ ಕಂಬಕ್ಕೆ ತಾಗಿ ಗಾಲಿ ಕಳಚುತ್ತದೆ. ಹೆದರಿ ದೂರದಿಂದ ತಿರುಗಿಸಿದರೆ ಹಿಂದಿನವನು ಒಳಗಿನಿಂದ ನುಸುಳುತ್ತಾನೆ. ಸಾರಥಿ ಲಗಾಮನ್ನು ಸೊಂಟಕ್ಕೆ ಸುತ್ತಿಕೊಂಡು ಮೈ ಓಲಿಸಿ ನಡೆಸುತ್ತಿದ್ದ. ಬಿದ್ದರೆ ಕುದುರೆಗಳು ಎಳೆದೊಯ್ಯುತ್ತವೆ, ಲಗಾಮು ಕತ್ತರಿಸಲು ಒಂದು ಬಾಗುಗತ್ತಿ. ಇಂಥ ಅಪಘಾತಕ್ಕೆ ಅವರು ಕೊಟ್ಟ ಹೆಸರು ‘ನೌಫ್ರಾಗಿಯುಂ’, ಹಡಗೊಡೆತ.

ಸರ್ಕಸ್ ಮ್ಯಾಕ್ಸಿಮಸ್‌ನ ನಡುಗೋಡೆಯ ಮೇಲಿದ್ದ ಒಬೆಲಿಸ್ಕ್‌ಗಳು ಈಗ ರೋಮ್‌ನಲ್ಲೇ ಬೇರೆ ಬೇರೆ ಕಡೆ ಹಂಚಿಹೋಗಿವೆ. ಅಗಸ್ಟಸ್ ಕ್ರಿ.ಪೂ. 10ರಲ್ಲಿ ತರಿಸಿದ್ದು ಪಿಯಾಝಾ ಡೆಲ್ ಪೊಪೊಲೊದಲ್ಲಿ, ಕ್ರಿ.ಶ. 357ರಲ್ಲಿ ಕಾನ್‌ಸ್ಟಾಂಟಿಯಸ್ ನಿಲ್ಲಿಸಿದ್ದು ಲ್ಯಾಟರನ್‌ನಲ್ಲಿ. ತನ್ನ ಜಾಗದಲ್ಲೇ ಉಳಿದದ್ದನ್ನು ನೋಡಲು ಇಸ್ತಾಂಬುಲ್‌ಗೆ ಹೋಗಬೇಕು: ಅಲ್ಲಿನ ಹಿಪ್ಪೊಡ್ರೋಮ್‌ನಲ್ಲಿ (ರಥದ ಓಟದ ಕಣಕ್ಕೆ ಗ್ರೀಕ್ ಹೆಸರು) ಚಕ್ರವರ್ತಿ ಥಿಯೊಡೋಸಿಯಸ್ ಕ್ರಿ.ಶ. 390ರಲ್ಲಿ ನಿಲ್ಲಿಸಿದ ಈಜಿಪ್ಟಿನ ಕಲ್ಲು ನಾಲ್ಕು ಕಂಚಿನ ತುಂಡುಗಳ ಮೇಲೆ ನಿಂತಿದೆ. ಪೀಠದ ಕೆಳಭಾಗದಲ್ಲಿ ರಥದ ಓಟವನ್ನೂ, ಹಗ್ಗ ಹಾಕಿ ಇದೇ ಕಲ್ಲನ್ನು ಎತ್ತಿ ನಿಲ್ಲಿಸುವುದನ್ನೂ ಕೆತ್ತಿದ್ದಾರೆ. ಮೇಲಿನ ಭಾಗದಲ್ಲಿ ಚಕ್ರವರ್ತಿ ತನ್ನ ಅಂಕಣದಲ್ಲಿ ಗೆದ್ದವನಿಗಾಗಿ ಹಾರ ಹಿಡಿದು ನಿಂತಿದ್ದಾನೆ. ಎತ್ತಲು ಹಿಡಿದ ಸಮಯ ಲ್ಯಾಟಿನ್ ಶಾಸನದ ಪ್ರಕಾರ 30 ದಿನ, ಗ್ರೀಕ್ ಶಾಸನದ ಪ್ರಕಾರ 32. ಪರೀಕ್ಷೆಯ ಉತ್ತರದಲ್ಲಿ ಈ ಸಂಖ್ಯೆ ಬಳಸುವಾಗ ಯಾವ ಭಾಷೆಯ ಶಾಸನದಿಂದ ತೆಗೆದದ್ದು ಎಂದೂ ಬರೆಯಿರಿ.