ಊರ ಬೆಳಕಿಗೆ ಹೆದರದ ನೀಹಾರಿಕೆಗಳು

ಮೈಸೂರಿನೊಳಗೆ ಮನೆ ಇರುವವರು ಟೆಲಿಸ್ಕೋಪ್ ಕೊಂಡರೆ ಚಂದ್ರ, ಗುರು, ಶನಿ ನೋಡಿ ಸುಮ್ಮನಾಗುತ್ತಾರೆ. ಊರ ಬೆಳಕಿನಲ್ಲಿ ಬೇರೇನೂ ಕಾಣೋದಿಲ್ಲ ಅನ್ನುವ ಮಾತು ಗೆಲಾಕ್ಸಿಗಳ ಮಟ್ಟಿಗೆ ಬಹುಪಾಲು ನಿಜ. ಗ್ರಹೀಯ ನೀಹಾರಿಕೆಗಳ ಮಟ್ಟಿಗೆ ಅಲ್ಲ. ಕಣ್ಣಿಟ್ಟು ನೋಡುವ ಐಪೀಸ್ ಜಾಗಕ್ಕೆ ಒಂದು ಕ್ಯಾಮೆರಾ ಕೂರಿಸಿದರೆ ಕುವೆಂಪುನಗರದ ತಾರಸಿಯಿಂದಲೂ ಇವು ಚೆನ್ನಾಗಿ ಸಿಗುತ್ತವೆ.

ಸೂರ್ಯನಂಥ ನಕ್ಷತ್ರಕ್ಕೆ ವಯಸ್ಸಾದಾಗ ಅದು ಹೊರಮೈಯ ಅನಿಲವನ್ನೆಲ್ಲ ಕಳಚಿಕೊಳ್ಳುತ್ತದೆ. ಒಳಗಿನ ಬಿಸಿ ತಿರುಳಿನಿಂದ ಬರುವ ನೇರಳಾತೀತ ಕಿರಣ ತಾಗಿ ಆ ಅನಿಲ ಹೊಳೆಯುತ್ತದೆ. ಇದೇ ಗ್ರಹೀಯ ನೀಹಾರಿಕೆ, ಹೆಸರಲ್ಲಿ ಬಿಟ್ಟರೆ ಗ್ರಹಕ್ಕೂ ಇದಕ್ಕೂ ಸಂಬಂಧವಿಲ್ಲ. ನಮಗೆ ಅನುಕೂಲ ಆಗಿರುವುದು ಆ ಹೊಳಪಿನ ಗುಣವೇ. 1864ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹಗಿನ್ಸ್ ಲಂಡನ್ನಿನ ತಮ್ಮ ಮನೆಯಿಂದ ಇಂಥ ಒಂದು ನೀಹಾರಿಕೆಯ ಬೆಳಕನ್ನು ಬಿಡಿಸಿ ನೋಡಿದಾಗ ಕಾಮನಬಿಲ್ಲಿನ ಬಣ್ಣಗಳ ಪಟ್ಟಿ ಕಾಣಲಿಲ್ಲ, ಬರೀ ಕೆಲವು ಗೆರೆಗಳಿದ್ದವು. ಅದರಲ್ಲಿ ಎದ್ದು ಕಂಡ ಹಸಿರು ಗೆರೆ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ ಅಂತ ನೆಬ್ಯುಲಿಯಂ ಎಂಬ ಹೊಸ ಧಾತುವನ್ನೇ ಊಹಿಸಿಕೊಂಡರು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಅಷ್ಟೇ ಎಂದು ಅಮೆರಿಕದ ಭೌತವಿಜ್ಞಾನಿ ಐರಾ ಬೋವೆನ್ ತೋರಿಸಿದ್ದು 1927ರಲ್ಲಿ.

ಗೆರೆಗಳ ತರಂಗಾಂತರ ಹೇಳುವುದಾದರೆ ಆಮ್ಲಜನಕದ್ದು 495.9 ಮತ್ತು 500.7 ನ್ಯಾನೋಮೀಟರ್, ಜಲಜನಕದ ಕೆಂಪು 656.3. ನೀಹಾರಿಕೆಯ ಬೆಳಕಿನ ದೊಡ್ಡ ಪಾಲು ಇಲ್ಲೇ ಇದೆ. ನಮ್ಮ ಬೀದಿದೀಪದ ಎಲ್‌ಇಡಿ ಬೆಳಕು ಎಲ್ಲ ಬಣ್ಣಗಳಿಗೂ ಹರಡಿಕೊಂಡಿದೆ. ಹಾಗಾಗಿ ಇವಷ್ಟನ್ನೇ ಒಳಗೆ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿದರೆ ಊರ ಬೆಳಕು ಬಹುಪಾಲು ಹೊರಗೇ ಉಳಿಯುತ್ತದೆ.

ನವೆಂಬರ್ ಮಧ್ಯದಲ್ಲಿ ಸಂಜೆ ಏಳಕ್ಕೆ ವಾಯವ್ಯಕ್ಕೆ ತಿರುಗಿ ಅಭಿಜಿತ್ (ವೇಗಾ) ನಕ್ಷತ್ರ ಹುಡುಕಿ. ಉಂಗುರ ನೀಹಾರಿಕೆ, ಅಂದರೆ ಎಂ57, ಅದರ ಹತ್ತಿರದಲ್ಲೇ ಇದೆ. ಹತ್ತು ಸೆಕೆಂಡಿನ ಮೊದಲ ಚಿತ್ರದಲ್ಲಿ ಕಾಣುವುದು ಮರಳು ಚೆಲ್ಲಿದಂಥ ಹಿನ್ನೆಲೆ, ನಡುವೆ ಸಣ್ಣದೊಂದು ಮಸುಕು. ಸಾಫ್ಟ್‌ವೇರ್ ಪ್ರತಿ ಹೊಸ ಚಿತ್ರವನ್ನೂ ನಕ್ಷತ್ರಗಳಿಗೆ ಸರಿಹೊಂದಿಸಿ ಹಳೆಯದರ ಮೇಲೆ ಕೂರಿಸುತ್ತಾ ಹೋಗುತ್ತದೆ. ನೂರು ಚಿತ್ರ ಸೇರಿದರೆ ಬೆಳಕು ನೂರು ಪಟ್ಟು ಆಗುತ್ತದೆ, ಆ ಮರಳಿನಂಥ ಗದ್ದಲ (ನಾಯ್ಸ್) ಹೆಚ್ಚುವುದು ಹತ್ತೇ ಪಟ್ಟು. ಮರಳು ಅಡಗುತ್ತದೆ, ಉಂಗುರದ ನಡು ಮೊದಲು ಕಪ್ಪಾಗಿ ಕಾಣುತ್ತದೆ, ಬರುಬರುತ್ತಾ ಅಲ್ಲಿ ನೀಲಿಹಸಿರು ತುಂಬಿಕೊಳ್ಳುತ್ತದೆ, ಆಮೇಲೆ ಅಂಚಿಗೆ ಕೆಂಪು ಬರುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಗೊತ್ತೇ ಆಗುವುದಿಲ್ಲ, ಹಾಗಾಗಿ ಐಪೀಸಿನಲ್ಲಿ ಎಷ್ಟು ಹೊತ್ತು ನೋಡಿದರೂ ಇದು ಸಿಗದು. ಇದು ತೆರೆಯ ಮೇಲೆ ಮೂಡುವುದನ್ನು ನೋಡುತ್ತಾ ಕೂರುವುದೇ ನನಗೆ ಮುಗಿದ ಚಿತ್ರಕ್ಕಿಂತ ಜಾಸ್ತಿ ಇಷ್ಟ.

ಆದರೆ ಉಂಗುರವನ್ನು ಹೊಳೆಯಿಸುತ್ತಿರುವ ನಡುವಿನ ನಕ್ಷತ್ರ ಬೇಕಿದ್ದರೆ ಫಿಲ್ಟರ್ ತೆಗೆದುಬಿಡಬೇಕು. ಅದರ ಬೆಳಕೂ ಎಲ್ಲ ಬಣ್ಣಗಳಿಗೆ ಹರಡಿದ್ದು ತಾನೇ.

ಅದೇ ಹೊತ್ತಿಗೆ ದಕ್ಷಿಣದಲ್ಲಿ ಹೀಲಿಕ್ಸ್ ಎಂಬ ಇನ್ನೊಂದು ಗ್ರಹೀಯ ನೀಹಾರಿಕೆಯೂ ಮೇಲೆ ಬಂದಿರುತ್ತದೆ. ಲಂಡನ್ನಿನವರಿಗೆ ಅದು ಹೆಚ್ಚೆಂದರೆ 18 ಡಿಗ್ರಿ ಏರುತ್ತದೆ, ನಮಗೆ 57. ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತ ಜಾಸ್ತಿ ಹರಡಿಕೊಂಡಿರುವುದರಿಂದ ಅದರ ಬೆಳಕು ತೀರಾ ತೆಳು. ಅದಕ್ಕೆ ಫೋಕಲ್ ಲೆಂಗ್ತ್ ಕಡಿಮೆ ಇದ್ದು ಆಕಾಶದ ಅಗಲ ಭಾಗ ತೋರಿಸುವ ಟೆಲಿಸ್ಕೋಪೇ ಆಗಬೇಕು, ಚಿತ್ರದ ಮೇಲೆ ಚಿತ್ರ ಕೂರಿಸುವ ಸ್ಟ್ಯಾಕಿಂಗ್ ಕೂಡ ಒಂದು ಗಂಟೆಯಾದರೂ ನಡೆಯಲಿ.