ಸೂರು ಇಲ್ಲಿ, ನೆರಳು ಅಲ್ಲಿ

"ಹಿತ್ತಲಲ್ಲಿ ಒಂದು ಗಜೀಬೊ ಹಾಕಿಸಬೇಕು ಸಾರ್, ಚದರಡಿಗೆ ಎಷ್ಟಾಗುತ್ತೆ?" ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಇಂಥ ಫೋನುಗಳು ಶುರುವಾಗುತ್ತವೆ. ಹಿಂದೆಯೇ ಮೊಬೈಲಿಗೆ ಒಂದು ಚಿತ್ರವೂ ಬರುತ್ತದೆ. ಹಸಿರು ಹುಲ್ಲು, ನಾಲ್ಕು ಕಂಬ, ಚೂಪು ಸೂರು, ಕೆಳಗೆ ಬೆತ್ತದ ಕುರ್ಚಿಗಳು. ದರ ಹೇಳುವ ಮೊದಲು ನಾನು ಒಂದೇ ಮಾತು ಕೇಳುತ್ತೇನೆ: ಅಲ್ಲಿ ಎಷ್ಟು ಗಂಟೆಗೆ ಕೂರುತ್ತೀರಿ? ಹೆಚ್ಚಿನವರ ಉತ್ತರ, ಸಂಜೆ ಕಾಫಿ ಹೊತ್ತಿಗೆ. ನಾಲ್ಕು ಗಂಟೆ, ನಾಲ್ಕೂವರೆ.

ಹಾಗಿದ್ದರೆ ಆ ಚಿತ್ರದಲ್ಲಿರುವ ಗಜೀಬೊ ನಿಮಗೆ ನೆರಳು ಕೊಡುವುದಿಲ್ಲ.

ಕಾರಣ ಹೇಳುತ್ತೇನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ, ಅದೇ. ಆ ಹೊತ್ತಿನಲ್ಲಿ ಸೂರಿನ ನೆರಳು ಸೂರಿನ ಕೆಳಗೇ ಬೀಳುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ ಹನ್ನೆರಡೂವರೆಗೆ ಹಿತ್ತಲಲ್ಲಿ ಯಾರು ಕೂರುತ್ತಾರೆ? ಸಂಜೆ ನಾಲ್ಕಕ್ಕೆ ಸೂರ್ಯ ಪಶ್ಚಿಮದಲ್ಲಿ ಸುಮಾರು 36 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಎಂಟು ಅಡಿ ಎತ್ತರದ ಸೂರಿನ ನೆರಳು ಆಗ ಹನ್ನೊಂದು ಅಡಿ ಪೂರ್ವಕ್ಕೆ ಸರಿದಿರುತ್ತದೆ. ಐದು ಗಂಟೆಗೆ ಇಪ್ಪತ್ತು ಅಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಗಜೀಬೊ ಆದರೆ ನಾಲ್ಕು ಗಂಟೆಗೆ ನೆಲದ ಮೇಲೆ ಬಿದ್ದ ನೆರಳು ಪೂರ್ತಿ ಹೊರಗೆ. ಕೂತವರ ಮುಖದ ಮಟ್ಟದಲ್ಲಿ ಲೆಕ್ಕ ಹಾಕಿದರೂ ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಚೆಂದದ ಗಜೀಬೊ ಕಟ್ಟಿಸಿ, ಸಂಜೆ ಕುರ್ಚಿಗಳನ್ನು ಅದರ ಹೊರಗೆ ಹಾಕಿಕೊಂಡು ಕೂರುವ ಮನೆಗಳನ್ನು ನಾನು ನೋಡಿದ್ದೇನೆ.

ನಮ್ಮಲ್ಲಿ ಪೂರ್ವಕ್ಕೆ ಬಾಗಿಲಿರುವ ನಿವೇಶನಕ್ಕೆ ಬೇಡಿಕೆ ಹೆಚ್ಚು. ಅಂಥ ಮನೆಯ ಹಿತ್ತಲು ಪಶ್ಚಿಮಕ್ಕೆ ಬರುತ್ತದೆ, ಅಂದರೆ ಸಂಜೆಯ ಬಿಸಿಲು ನೇರ ಅಲ್ಲಿಗೇ. ಪಶ್ಚಿಮಕ್ಕೆ ಮುಖ ಮಾಡಿದ ಮನೆಯವರಿಗೆ ಈ ತಾಪತ್ರಯವಿಲ್ಲ. ಇಪ್ಪತ್ತೆರಡು ಅಡಿ ಎತ್ತರದ ಎರಡಂತಸ್ತಿನ ಮನೆ ಏಪ್ರಿಲ್‌ನಲ್ಲಿ ನಾಲ್ಕು ಗಂಟೆಗೆ ಹಿತ್ತಲಿನ ಮೇಲೆ ಮೂವತ್ತು ಅಡಿ ನೆರಳು ಚಾಚುತ್ತದೆ. ಅಂಥವರು ಸಂಜೆಗೆಂದು ಸೂರು ಕೇಳಿಕೊಂಡು ಬಂದರೆ, ಬೇಡ, ಒಂದು ಕಲ್ಲುಬೆಂಚು ಹಾಕಿಸಿ ಸಾಕು ಅನ್ನುತ್ತೇನೆ.

ನಿಮ್ಮ ಹಿತ್ತಲಿನ ಲೆಕ್ಕ ತಿಳಿಯಲು ಎಂಜಿನಿಯರ್ ಬೇಕಿಲ್ಲ. ಎಂಟು ಅಡಿಯ ಒಂದು ಬಿದಿರು ಗಳ ತನ್ನಿ. ಒಂದು ಭಾನುವಾರ ಸೂರು ಬರಬೇಕೆಂದಿರುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ಹನ್ನೊಂದು, ಒಂದು, ಮೂರು, ನಾಲ್ಕೂವರೆ, ಹೀಗೆ ಗಂಟೆ ನೋಡಿಕೊಂಡು ಗಳದ ತುದಿಯ ನೆರಳು ಎಲ್ಲಿ ಬಿತ್ತೋ ಅಲ್ಲೊಂದು ಕಲ್ಲಿಡಿ. ಗಳದ ಬುಡದಿಂದ ಆ ಕಲ್ಲಿಗೆ ಎಷ್ಟು ದೂರ, ಯಾವ ದಿಕ್ಕೋ, ನಿಮ್ಮ ಸೂರಿನ ನೆರಳೂ ಆ ಹೊತ್ತಿಗೆ ಅಷ್ಟೇ ದೂರ, ಅದೇ ದಿಕ್ಕಿಗೆ ಸರಿಯುತ್ತದೆ. ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ ಮಾಡಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗಿನ ಗುರುತು ಬೇಸಿಗೆಗೆ ಬರುವುದಿಲ್ಲ.

ಪರಿಹಾರ ಸುಲಭ. ಕೂರುವ ಜಾಗಕ್ಕಿಂತ ಸೂರನ್ನು ನಾಲ್ಕೈದು ಅಡಿ ಪಶ್ಚಿಮಕ್ಕೆ ಸರಿಸಿ. ಸೂರನ್ನು ಸಮತಟ್ಟಾಗಿ ಮಾಡದೆ ಪಶ್ಚಿಮಕ್ಕೆ ಇಳಿಜಾರು ಕೊಡಿ. ಪೂರ್ವದ ಅಂಚು ಒಂಬತ್ತು ಅಡಿ, ಪಶ್ಚಿಮದ್ದು ಆರೂವರೆ ಅಡಿ ಇದ್ದರೆ ಸಂಜೆ ಬಿಸಿಲು ಒಳಗೆ ಬರುವುದು ಎಷ್ಟೋ ಕಮ್ಮಿಯಾಗುತ್ತದೆ. ಅದಕ್ಕೂ ಮೀರಿದ್ದಕ್ಕೆ ಪಶ್ಚಿಮದ ಬದಿಗೆ ಒಂದು ತೆರೆ ಬೇಕು. ಸುತ್ತಿಡುವ ಬಿದಿರಿನ ಪರದೆ ಆಗಬಹುದು, ಬಳ್ಳಿ ಹಬ್ಬಿಸಿದ ಜಾಲರಿ ಆಗಬಹುದು. ಲಾವಂಚದ ತಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಒಂದಿಷ್ಟು ನೀರು ಚಿಮುಕಿಸಿದರೆ ಬರುವ ಗಾಳಿ ತಂಪಾಗುತ್ತದೆ, ಘಮವೂ ಬರುತ್ತದೆ. ಈಶಾನ್ಯದಲ್ಲಿ ಭಾರ ಬೇಡ ಎಂದು ವಾಸ್ತು ನೋಡುವವರೂ ಇದಕ್ಕೆ ಬೇಡ ಅನ್ನುವುದಿಲ್ಲ, ಕಂಬಗಳೆಲ್ಲ ಪಶ್ಚಿಮಕ್ಕೇ ಬರುತ್ತವಲ್ಲ.

ಇನ್ನು ಗಾಳಿ. ನನಗೆ ನಿಜವಾಗಿ ಭಯ ಇರುವುದು ಇದರ ಬಗ್ಗೆ.

ನಮ್ಮ ಬಯಲುಸೀಮೆಯಲ್ಲಿ ಸೂರು ಹಾರಿಸುವುದು ಜೂನ್ ತಿಂಗಳ ಮುಂಗಾರಲ್ಲ. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಜತೆ ಬರುವ ಏಪ್ರಿಲ್-ಮೇ ತಿಂಗಳ ಬಿರುಗಾಳಿ. ಸಂಜೆ ಮೋಡ ಕಟ್ಟಿ, ಧೂಳೆದ್ದು, ಹತ್ತು ನಿಮಿಷದಲ್ಲಿ ಆಗಬೇಕಾದ್ದೆಲ್ಲ ಆಗಿಹೋಗುತ್ತದೆ. ನಾಲ್ಕೂ ಕಡೆ ತೆರೆದ ಸೂರು ಈ ಗಾಳಿಗೆ ಕೊಡೆಯ ಹಾಗೆ. ಕೆಳಗೆ ನುಗ್ಗಿದ ಗಾಳಿ ಮೇಲಕ್ಕೆ ತಳ್ಳುತ್ತದೆ, ಮೇಲೆ ಹಾಯುವ ಗಾಳಿ ಮೇಲಕ್ಕೇ ಎಳೆಯುತ್ತದೆ. ಕಟ್ಟಡಗಳ ಗಾಳಿ ಲೆಕ್ಕಕ್ಕೆ ನಾವು ನೋಡುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಮಂಗಳೂರಿಗೆ 39 ಮೀಟರ್. ಬೆಂಗಳೂರಿನ ವೇಗಕ್ಕೇ ಒಂದು ಚದರ ಮೀಟರಿನ ಮೇಲೆ ಸುಮಾರು 65 ಕೆ.ಜಿ. ಒತ್ತಡ ಬರುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಸೂರು ಎಂದರೆ ಹನ್ನೊಂದು ಚದರ ಮೀಟರ್. ಒಟ್ಟು 700 ಕೆ.ಜಿ.ಗೂ ಮೇಲೆ. ಸೂರಿನ ಇಳಿಜಾರು, ಸುತ್ತಲಿನ ಮನೆಗಳು, ಎತ್ತರ ನೋಡಿ ಈ ಅಂಕಿಯನ್ನು ಹೆಚ್ಚು ಕಮ್ಮಿ ಮಾಡುತ್ತೇವೆ. ಆದರೂ ಎಷ್ಟರ ಮಟ್ಟಿನ ಬಲ ಎಂದು ಗೊತ್ತಾಯಿತು, ಅಲ್ವಾ? ಪೈಪು, ಶೀಟು ಎಲ್ಲ ಸೇರಿ ಆ ಸೂರಿನ ತೂಕ 200-250 ಕೆ.ಜಿ. ಇದ್ದರೆ ಹೆಚ್ಚು. ಅಂದರೆ ಇಲ್ಲಿ ಪಾಯದ ಕೆಲಸ ಸೂರನ್ನು ಹೊರುವುದಕ್ಕಿಂತ ಹಿಡಿದಿಡುವುದು.

ಹಿಡಿದಿಡುವುದು ಕಾಂಕ್ರೀಟಿನ ತೂಕ. ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳದ ಗುಂಡಿಗೆ ಕಾಂಕ್ರೀಟ್ ತುಂಬಿದರೆ ಸುಮಾರು 380 ಕೆ.ಜಿ. ನಾಲ್ಕು ಕಂಬಕ್ಕೆ ನಾಲ್ಕು ಗುಂಡಿ ಎಂದರೆ 1,500 ಕೆ.ಜಿ. ಹತ್ತಿರ. ಸುತ್ತಲಿನ ಗಟ್ಟಿ ಮಣ್ಣಿನ ಹಿಡಿತ ಬೇರೆ. ಇಷ್ಟಿದ್ದರೆ ಇಂಥ ಸೂರಿಗೆ ನೆಮ್ಮದಿ. ಕಪ್ಪು ಮಣ್ಣಿನ ಧಾರವಾಡ, ವಿಜಯಪುರದ ಕಡೆಯವರು ಇನ್ನೂ ಆಳಕ್ಕೆ ಹೋಗಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲುಮೇಲಿನ ಪಾಯವನ್ನು ಅಲುಗಾಡಿಸುತ್ತದೆ.

ಆದರೆ ನಡೆಯುವುದೇ ಬೇರೆ. ಇಂಟರ್‌ಲಾಕ್ ಟೈಲ್ಸ್ ಮೇಲೆಯೇ ಬೇಸ್ ಪ್ಲೇಟ್, ಅಂದರೆ ಕಂಬದ ಬುಡದ ಕಬ್ಬಿಣದ ತಟ್ಟೆ, ಇಟ್ಟು, ನಾಲ್ಕು ಬೋಲ್ಟ್ ಹೊಡೆದು, "ಏನೂ ಆಗಲ್ಲ ಸಾರ್" ಎಂದು ಹೋಗುತ್ತಾರೆ. ಟೈಲ್ಸ್ ಕೆಳಗೆ ಇರುವುದು ಜಲ್ಲಿಪುಡಿ. ಬೋಲ್ಟ್ ಹಿಡಿಯುವುದು ಯಾವುದನ್ನು? ಮೈಸೂರಿನ ಒಂದು ಬಡಾವಣೆಯಲ್ಲಿ ಹೀಗೆ ನಿಂತಿದ್ದ ಸೂರನ್ನು ಗಾಳಿ ಎತ್ತಿ ಪಕ್ಕದ ಮನೆಯ ಕಾರಿನ ಮೇಲೆ ಹಾಕಿದ್ದನ್ನು ಹೋಗಿ ನೋಡಿದ್ದೆ. ಬೋಲ್ಟ್ ಒಂದೂ ಮುರಿದಿರಲಿಲ್ಲ. ನಾಲ್ಕೂ ಬೇಸ್ ಪ್ಲೇಟುಗಳಿಗೆ ಎರಡೆರಡು ಟೈಲ್ಸ್ ಅಂಟಿಕೊಂಡೇ ಬಂದಿದ್ದವು. ಅದೃಷ್ಟಕ್ಕೆ ಆ ಹೊತ್ತಿನಲ್ಲಿ ಹಿತ್ತಲಲ್ಲಿ ಮಕ್ಕಳಿರಲಿಲ್ಲ.

ಚದರಡಿಗೆ ಎಷ್ಟು ಎಂಬ ಪ್ರಶ್ನೆಯೇ ತಪ್ಪು ಅನ್ನುವುದು ಇದಕ್ಕೇ. ಚದರಡಿ ದರದಲ್ಲಿ ನೆಲದೊಳಗಿನ ಕೆಲಸ ಕಾಣುವುದಿಲ್ಲ. ಕಾಣದ್ದನ್ನು ಮೊದಲು ಉಳಿಸುತ್ತಾರೆ. ದರಪಟ್ಟಿ ಬರೆಸಿಕೊಳ್ಳುವಾಗ ಗುಂಡಿಯ ಅಳತೆ, ಪೈಪಿನ ದಪ್ಪ, ಒಟ್ಟು ಕಬ್ಬಿಣದ ತೂಕ ಮೂರನ್ನೂ ಬರೆಸಿ. ಎರಡಿಂಚಿನ ಸ್ಕ್ವೇರ್ ಪೈಪು ಎಂದರೆ ಸಾಲದು. ಎರಡು ಮಿ.ಮೀ. ದಪ್ಪದ ಇಪ್ಪತ್ತು ಅಡಿಯ ಒಂದು ಪೈಪು ಸುಮಾರು 18 ಕೆ.ಜಿ. ತೂಗುತ್ತದೆ. ಅದೇ ಪೈಪು 1.2 ಮಿ.ಮೀ. ದಪ್ಪದ್ದಾದರೆ 11 ಕೆ.ಜಿ. ಬಣ್ಣ ಬಳಿದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಮನೆಗೆ ಪೈಪು ಬಂದ ದಿನವೇ ಒಂದನ್ನು ತೂಕಕ್ಕೆ ಹಾಕಿ ನೋಡಿ. ಜಿಐ ಪೈಪನ್ನು ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟು ಹೋಗಿರುತ್ತದೆ, ಅಲ್ಲಿಗೆ ಝಿಂಕ್ ಪೇಂಟ್ ಹಚ್ಚಿಸಿ. ಕಂಬದ ಬುಡ ನೆಲದಿಂದ ಆರಿಂಚು ಮೇಲೆ, ಕಾಂಕ್ರೀಟಿನ ಪೀಠದ ಮೇಲೆ ನಿಲ್ಲಲಿ. ಬೇಸ್ ಪ್ಲೇಟಿನ ಮೇಲೆ ಮಣ್ಣು ಬಿದ್ದು, ಗಿಡಕ್ಕೆ ಹಾಕಿದ ನೀರು ಅಲ್ಲೇ ನಿಂತರೆ ಮೇಲಿನ ಸೂರು ಹೊಸದರಂತಿರುವಾಗಲೇ ಬುಡ ತೂತು ಬಿದ್ದಿರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಬರೀ ರೆಡ್ ಆಕ್ಸೈಡ್ ಬಣ್ಣ ಸಾಲುವುದೇ ಇಲ್ಲ.

ಮೇಲೆ ಏನು ಹೊದಿಸಬೇಕು ಎಂಬುದಕ್ಕೆ ನನ್ನ ಒಲವು ನೇರ ಹೇಳಿಬಿಡುತ್ತೇನೆ. ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು ಬೇಡ. ಬೆಳಕು ಬರಲಿ ಎಂದು ಹಾಕಿಸುತ್ತಾರೆ, ಬೆಳಕಿನ ಜತೆ ಬಿಸಿಲೂ ಇಳಿಯುತ್ತದೆ. ಹಾಕಿಸಲೇಬೇಕೆಂದರೆ ಹಾಲುಬಣ್ಣದ್ದನ್ನೋ ಕಂದುಬಣ್ಣದ್ದನ್ನೋ ಆರಿಸಿ. ಯುವಿ ಲೇಪ ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ, ಆ ಬದಿ ಮೇಲೇ ಬರಬೇಕು. ತಿರುಗುಮುರುಗಾಗಿ ಹಾಕಿದರೆ ಬೇಗ ಹಳದಿಯಾಗಿ ಬಿರುಕು ಬಿಡುತ್ತದೆ. ಹತ್ತಡಿಯ ಶೀಟು ಬಿಸಿಲು-ಚಳಿಗೆ ಏಳೆಂಟು ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಸ್ಕ್ರೂ ತೂತು ಸ್ವಲ್ಪ ದೊಡ್ಡದೇ ಇರಲಿ, ಬಿಗಿಯಾಗಿ ತಿರುಗಿಸುವುದೂ ಬೇಡ.

ಕಲರ್ ಕೋಟೆಡ್ ತಗಡಿನ ಶೀಟು ಮಳೆಗೆ ಭದ್ರ, ಆದರೆ ಬೇಸಿಗೆಯಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ. ಕಾದ ತಗಡು ಕೆಳಗೆ ಕೂತವರ ತಲೆಗೆ ಶಾಖ ಸೂಸುತ್ತಲೇ ಇರುತ್ತದೆ. ನೆರಳಿದ್ದೂ ಸೆಕೆ ಅನ್ನಿಸುವುದು ಅದಕ್ಕೇ. ತಿಳಿಬಣ್ಣದ ಶೀಟು ಹಾಕಿ, ನಾಲ್ಕೈದು ಇಂಚು ಗಾಳಿಯಾಡಲು ಬಿಟ್ಟು ಅಡಿಯಲ್ಲಿ ಬಿದಿರಿನ ಚಾಪೆ ಕಟ್ಟಿಸಿದರೆ ಕೂರುವಂತಾಗುತ್ತದೆ. ಮಂಗಳೂರು ಹೆಂಚು ಇದಕ್ಕಿಂತ ತಂಪು. ತೂಕ ಜಾಸ್ತಿ, ಇಳಿಜಾರೂ ಕಡಿದಾಗಿ ಬೇಕು, ಆದರೆ ಗಾಳಿಯ ಮುಂದೆ ಆ ತೂಕವೇ ಉಪಕಾರ. ಅಂಚಿನ ಹೆಂಚುಗಳನ್ನು ಮಾತ್ರ ತಂತಿಯಲ್ಲಿ ಕಟ್ಟಿಸಿ.

ಬಟ್ಟೆಯ ಶೇಡ್ ಸೇಲ್ ಈಗ ಎಲ್ಲರಿಗೂ ಇಷ್ಟ. ನೋಡಲು ಹಗುರ, ಆದರೆ ಒಂದೊಂದು ಮೂಲೆಯೂ ನೂರಾರು ಕೆ.ಜಿ. ಬಲದಲ್ಲಿ ಎಳೆಯುತ್ತದೆ. ಅದನ್ನು ಕಾಂಪೌಂಡ್ ಗೋಡೆಗೋ ಪ್ಯಾರಾಪೆಟ್ಟಿಗೋ ಕೊಕ್ಕೆ ಹಾಕಿ ಕಟ್ಟಬೇಡಿ. ಸಿಮೆಂಟ್ ಬ್ಲಾಕಿನ ಗೋಡೆ ನಿಂತಿರುವುದು ತನ್ನ ಭಾರಕ್ಕೆ, ಅಡ್ಡ ಎಳೆತಕ್ಕೆ ಅದನ್ನು ಕಟ್ಟಿರುವುದಿಲ್ಲ. ಎದುರುಬದುರು ಎರಡು ಮೂಲೆ ಎತ್ತರ, ಇನ್ನೆರಡು ತಗ್ಗು ಇಟ್ಟರೆ ನೀರು ನಿಲ್ಲುವುದಿಲ್ಲ. ಬಟ್ಟೆ ಜೋತು ಮೂರಡಿ ಚೌಕದಲ್ಲಿ ಒಂದಿಂಚು ನೀರು ನಿಂತರೂ ಇಪ್ಪತ್ತು ಲೀಟರ್, ಅದು ಇನ್ನಷ್ಟು ಜಗ್ಗಿ ಇನ್ನಷ್ಟು ನೀರು ಸೇರಿಸಿಕೊಳ್ಳುತ್ತದೆ.

ನನ್ನನ್ನು ಕೇಳಿದರೆ, ಮೊದಲ ಬೇಸಿಗೆಗೆ ನರ್ಸರಿಗಳಲ್ಲಿ ಕಟ್ಟುವ ಶೇಡ್ ನೆಟ್ ತಂದು ಕಟ್ಟಿ ನೋಡಿ. ಬಿಸಿಲನ್ನು 75 ಶೇಕಡಾ ತಡೆಯುವುದನ್ನು ತನ್ನಿ, 50ರದ್ದು ಗಿಡಗಳಿಗೆ ಸರಿ, ಮನುಷ್ಯರಿಗೆ ಸಾಲದು. ನೆಟ್ಟಿನ ಮೂಲಕ ಗಾಳಿ ಹಾಯುವುದರಿಂದ ಎಳೆತ ಕಮ್ಮಿ, ಖರ್ಚೂ ಕಮ್ಮಿ. ಎಲ್ಲಿ ನಿಜವಾಗಿ ಕೂರುತ್ತೀರಿ ಎಂಬುದು ಒಂದು ಬೇಸಿಗೆಯಲ್ಲಿ ಗೊತ್ತಾಗಿಬಿಡುತ್ತದೆ. ಸುಮ್ನೆ ಒಂದೇ ಸಲಕ್ಕೆ ಲಕ್ಷ ಸುರಿಯುವುದು ಯಾಕೆ?

ಆಮೇಲೆ ಕಾಯಂ ಆಗಿ ಏನಾದರೂ ಬೇಕು ಅನ್ನಿಸಿದರೆ, ಕೋಲಾರ, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳನ್ನು ಒಮ್ಮೆ ನೋಡಿಬನ್ನಿ. ಕಲ್ಲುಕೂಚ, ಅಂದರೆ ಉದ್ದನೆಯ ಕಲ್ಲಿನ ಕಂಬ, ನೆಟ್ಟು, ಮೇಲೆ ತಂತಿ ಎಳೆದು, ಚಪ್ಪರ ಮಾಡಿರುತ್ತಾರೆ. ಕಲ್ಲಿಗೆ ತುಕ್ಕಿಲ್ಲ, ಗೆದ್ದಲಿಲ್ಲ, ಬಣ್ಣ ಬೇಕಿಲ್ಲ. ಹತ್ತಡಿಯ ಕೂಚವನ್ನು ಎರಡೂವರೆ ಅಡಿ ಹೂತು ಕಾಂಕ್ರೀಟ್ ಹಾಕಿ, ಮೇಲೆ ಪೈಪಿನದೋ ಸಾಗುವಾನಿಯದೋ ಅಡ್ಡಪಟ್ಟಿ ಕೂರಿಸಿ ಬಳ್ಳಿ ಹಬ್ಬಿಸಿದರೆ ಅದಕ್ಕಿಂತ ತಂಪಾದ ನೆರಳು ನಾನು ಕಂಡಿಲ್ಲ. ಎಲೆ ತಾನೂ ನೀರು ಆವಿ ಮಾಡುತ್ತಾ ತಣ್ಣಗಿರುತ್ತದೆ, ತಗಡಿನ ಹಾಗೆ ಕಾಯುವುದಿಲ್ಲ. ಬೇಗ ಬೇಕೆಂದರೆ ತೊಂಡೆ, ಹೀರೆ, ಚಪ್ಪರದವರೆ. ಹೂವು ಬೇಕೆಂದರೆ ರಂಗೂನ್ ಕ್ರೀಪರ್, ಇಲ್ಲವೇ ನಮ್ಮ ಪಶ್ಚಿಮ ಘಟ್ಟದ್ದೇ ಆದ ಥನ್ಬರ್ಜಿಯಾ ಮೈಸೂರೆನ್ಸಿಸ್. ಅದರ ಕೆಂಪು-ಹಳದಿ ಹೂಗೊಂಚಲು ಚಪ್ಪರದಿಂದ ಕೆಳಕ್ಕೆ ಜೋತುಬಿದ್ದು ಅರಳುತ್ತದೆ. ಬಿದಿರಿನ ಚಪ್ಪರ ಬೇಕೆನ್ನುವವರು ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿದ ಬಿದಿರನ್ನೇ ಕೇಳಿ ತರಬೇಕು. ಹಸಿ ಬಿದಿರು ಹುಳು ಹಿಡಿದು ಬೇಗ ಪುಡಿಯಾಗುತ್ತದೆ.

ಕಟ್ಟುವ ಮುಂಚೆ ನೆರೆಯವರ ಜತೆ ಮಾತಾಡಿ. ಹತ್ತಕ್ಕೆ ಹನ್ನೆರಡು ಅಡಿಯ ಸೂರಿನ ಮೇಲೆ ಹತ್ತು ಮಿ.ಮೀ. ಮಳೆ ಬಿದ್ದರೆ 110 ಲೀಟರ್ ನೀರು. ಅದು ಅವರ ಗೋಡೆಗೆ ಸುರಿದರೆ ಜಗಳ ಖಂಡಿತ, ಸೂರಿನ ಅಂಚಿಗೆ ನೀರಿನ ದೋಣಿ ಹಾಕಿಸಿ ಇಂಗುಗುಂಡಿಗೆ ಬಿಡಿ. ಮನೆಯ ಸುತ್ತ ಬಿಡಲೇಬೇಕಾದ ಖಾಲಿ ಜಾಗದಲ್ಲಿ ಕಾಯಂ ಸೂರು ಎಬ್ಬಿಸುವ ಮೊದಲು ಪಾಲಿಕೆ ಎಂಜಿನಿಯರ್ ಹತ್ತಿರ ಒಮ್ಮೆ ವಿಚಾರಿಸಿ. ಮೂವತ್ತು ನಲವತ್ತರ ನಿವೇಶನದಲ್ಲಿ ಹಿಂದೆ ಉಳಿಯುವುದೇ ಮೂರು ನಾಲ್ಕು ಅಡಿ. ಅಲ್ಲಿ ಬಳ್ಳಿ ಹಬ್ಬಿಸಿದ ಜಾಲರಿಗಿಂತ ಹೆಚ್ಚಿನದನ್ನು ಯೋಚಿಸಬೇಡಿ.

ಕೆಲಸಕ್ಕೆ ಕೈ ಹಾಕುವುದಾದರೆ ಜನವರಿಯಲ್ಲೇ ಗುಂಡಿ ತೋಡಿಸಿ. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರು ಉಣ್ಣಿಸಿ, ಆಮೇಲೆ ಕಂಬ ನಿಲ್ಲಿಸಿದರೆ ಯುಗಾದಿಯೊಳಗೆ ಎಲ್ಲ ಮುಗಿಯುತ್ತದೆ. ಈಗಾಗಲೇ ಕಟ್ಟಿಸಿಕೊಂಡವರು ವರ್ಷಕ್ಕೊಮ್ಮೆ, ಅಶ್ವಿನಿ ಮಳೆ ಶುರುವಾಗುವ ಮುಂಚೆ, ಬೋಲ್ಟುಗಳನ್ನೆಲ್ಲ ಸ್ಪ್ಯಾನರ್ ಹಿಡಿದು ಬಿಗಿ ಮಾಡಿ. ಕಂಬದ ಬುಡದ ಮಣ್ಣು ಸರಿಸಿ, ತುಕ್ಕು ಕಂಡರೆ ಕೆರೆದು ಬಣ್ಣ ಹಚ್ಚಿ. ಬಟ್ಟೆಯ ಸೂರಿನವರು ಬಿರುಗಾಳಿಯ ಮುನ್ಸೂಚನೆ ಬಂದ ದಿನ ಅದನ್ನು ಬಿಚ್ಚಿ ಒಳಗಿಡಿ.