23 ಸಲ ತುಂಬಿದ ಕೋವಿ

1863ರ ಜುಲೈ ತಿಂಗಳ ಮೊದಲ ಮೂರು ದಿನ ಅಮೆರಿಕದ ಗೆಟ್ಟಿಸ್‌ಬರ್ಗ್ ಎಂಬ ಸಣ್ಣ ಊರಿನ ಸುತ್ತ ಅಲ್ಲಿನ ಅಂತರ್ಯುದ್ಧದ ಘೋರ ಕದನ ನಡೆಯಿತು. ಎಲ್ಲ ಮುಗಿದ ಮೇಲೆ ಹೊಲಗಳಲ್ಲಿ ಬಿದ್ದಿದ್ದ ಕೋವಿಗಳನ್ನು ಆಯ್ದು ತಂದು ಎಣಿಸಿದರು. 27,000ಕ್ಕೂ ಹೆಚ್ಚು ಸಿಕ್ಕವು. ಅವುಗಳಲ್ಲಿ ಸುಮಾರು 24,000 ಕೋವಿಗಳ ಮದ್ದುಗುಂಡು ನಳಿಗೆಯೊಳಗೇ ಉಳಿದಿತ್ತು. ಅದರಲ್ಲಿ ಅರ್ಧದಷ್ಟಕ್ಕೆ ಒಂದರ ಮೇಲೊಂದರಂತೆ ಎರಡು ಈಡು ತುಂಬಲಾಗಿತ್ತು. ಸಾವಿರಾರು ಕೋವಿಗಳಲ್ಲಿ ಮೂರರಿಂದ ಹತ್ತು ಈಡುಗಳಿದ್ದವು. ಒಂದರಲ್ಲಂತೂ 23.

ಆಗಿನ ಕೋವಿ ತುಂಬುವುದು ಸಾವಧಾನದ ಕೆಲಸ. ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು, ಮದ್ದನ್ನು ನಳಿಗೆಗೆ ಸುರಿಯಬೇಕು, ಮೇಲೆ ಗುಂಡಿಟ್ಟು ಗಜದಿಂದ, ಅಂದರೆ ಉದ್ದನೆಯ ಸರಳಿನಿಂದ, ತಳದವರೆಗೆ ಒತ್ತಬೇಕು. ಆಮೇಲೆ ಗಜ ಹೊರತೆಗೆದು, ಕುದುರೆ ಎಳೆದು, ಮದ್ದಿಗೆ ಕಿಡಿ ಕೊಡುವ ಕಡ್ಲೆಕಾಳಿನಷ್ಟು ಪುಟ್ಟ ಕೇಪನ್ನು ಅದರ ಜಾಗದಲ್ಲಿ ಕೂರಿಸಬೇಕು. ಬೆವರಿದ ಬೆರಳಿನಿಂದ ಆ ಕೇಪು ಜಾರಿಬಿದ್ದರೆ ಕುದುರೆ ಬೀಳುತ್ತದೆ, ಈಡು ಹಾರುವುದಿಲ್ಲ. ಅಕ್ಕಪಕ್ಕದಲ್ಲಿ ನೂರಾರು ಕೋವಿಗಳು ಸಿಡಿಯುತ್ತಿರುವಾಗ ನನ್ನದು ಸಿಡಿಯಲಿಲ್ಲ ಎಂದು ತಿಳಿಯುವುದಾದರೂ ಹೇಗೆ? ಕೈ ಮತ್ತೆ ಪೊಟ್ಟಣಕ್ಕೆ ಹೋಗುತ್ತದೆ, ಗಜ ಮತ್ತೆ ನಳಿಗೆಗೆ ಇಳಿಯುತ್ತದೆ. ಒಳಗೆ ಈಡುಗಳು ಪೇರುತ್ತ ಹೋದಂತೆ ಗಜ ಪ್ರತಿ ಸಲವೂ ಇನ್ನಷ್ಟು ಹೊರಗೇ ನಿಂತಿರಬೇಕು. ಅದನ್ನು ಕಣ್ಣು ನೋಡಿದರೂ ಮನಸ್ಸು ನೋಡಲಿಲ್ಲ.

ಆ ಕೋವಿಗಳನ್ನು ಮುಂದಿಟ್ಟುಕೊಂಡು ಕೆಲವರು, ಮನುಷ್ಯ ಮನುಷ್ಯನನ್ನು ಕೊಲ್ಲಲು ಒಲ್ಲ, ಸಿಪಾಯಿಗಳು ಬೇಕೆಂದೇ ಗುಂಡು ಹಾರಿಸಲಿಲ್ಲ ಎನ್ನುತ್ತಾರೆ. ಇನ್ನು ಕೆಲವರು ಅದು ಬರೀ ಗಾಬರಿ ಎನ್ನುತ್ತಾರೆ. 23 ಸಲ ತುಂಬಿದವನು ಬೇಕೆಂದು ಹಾಗೆ ಮಾಡಿದ ಎಂದು ನನಗೆ ಅನ್ನಿಸುವುದಿಲ್ಲ. ಅವನಿಗೆ ಕೈಕಾಲೇನೋ ಆಡುತ್ತಿದ್ದವು, ತಲೆ ಆಡುತ್ತಿರಲಿಲ್ಲ.

ಕೋವಿ ಕೈಯಲ್ಲಿದ್ದರೆ ಧೈರ್ಯ ತಾನಾಗಿ ಬರುತ್ತದೆ. ದಿಗಿಲುಬಿದ್ದರೆ ಜನ ಮೃಗಗಳಾಗುತ್ತಾರೆ. ಬೀದಿಯಲ್ಲಿ ಬಿದ್ದರೆ ಎತ್ತುವವರಿಲ್ಲ. ಸಂಕಟ ಬಂದಾಗ ವೆಂಕಟರಮಣ. ಇವೆಲ್ಲ ನಾವು ದಿನವೂ ಆಡುವ ಮಾತುಗಳು. ಆಪತ್ತನ್ನು ನೋಡದವರೂ ಇವನ್ನು ಕಂಡಂತೆಯೇ ಹೇಳುತ್ತಾರೆ. ಒಂದೊಂದು ಅಭಿಪ್ರಾಯಕ್ಕೂ ಹುಟ್ಟಿದ ಹೊತ್ತು ಇದೆ, ಬೆಳೆಸಿದವರಿದ್ದಾರೆ. ಅವುಗಳಿಂದ ಸತ್ತವರೂ ಇದ್ದಾರೆ.

ಕೋವಿಯ ಮಾತನ್ನೇ ಮೊದಲು ನೋಡೋಣ. ಫ್ರಾನ್ಸಿನ ಸೇನಾಧಿಕಾರಿ ಆರ್ಡಾಂ ದ್ಯು ಪಿಕ್ 1860ರ ದಶಕದಲ್ಲೇ ತನ್ನ ಸಹೋದ್ಯೋಗಿಗಳಿಗೆ ಪ್ರಶ್ನಾವಳಿ ಕಳಿಸಿ, ಕಾಳಗದ ನಡುವೆ ಸಿಪಾಯಿ ನಿಜವಾಗಿ ಏನು ಮಾಡುತ್ತಾನೆ ಎಂದು ಕೇಳಿದ್ದ. ಗುರಿಯೇ ಇಲ್ಲದೆ ಗಾಳಿಗೆ ಗುಂಡು ಹಾರಿಸುವವರ ವಿಚಾರ ಅಲ್ಲೇ ಬರುತ್ತದೆ. 1870ರಲ್ಲಿ ಅವನೂ ಯುದ್ಧದಲ್ಲಿ ಸತ್ತ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕ ಸೇನೆಯ ಇತಿಹಾಸಕಾರ ಎಸ್.ಎಲ್.ಎ. ಮಾರ್ಷಲ್ ಇದಕ್ಕೊಂದು ಲೆಕ್ಕ ಕೊಟ್ಟ: ಶತ್ರು ಎದುರಿಗಿದ್ದರೂ ನೂರಕ್ಕೆ 15ರಿಂದ 25 ಮಂದಿ ಮಾತ್ರ ಕೋವಿ ಹಾರಿಸುತ್ತಾರೆ. ಸೇನೆ ಇದನ್ನು ಗಂಭೀರವಾಗಿಯೇ ತೆಗೆದುಕೊಂಡಿತು. ದುಂಡನೆಯ ಗುರಿಹಲಗೆಗಳು ಹೋಗಿ ಥಟ್ಟನೆ ಎದ್ದು ನಿಲ್ಲುವ ಮನುಷ್ಯಾಕಾರಗಳು ಬಂದವು. ಯೋಚಿಸುವ ಮೊದಲೇ ಬೆರಳು ಒತ್ತುವಂತೆ ತರಬೇತಿ ಬದಲಾಯಿತು.

1988ರಲ್ಲಿ ರೋಜರ್ ಸ್ಪಿಲ್ಲರ್ ಎಂಬ ಇತಿಹಾಸಕಾರ ಆ ಲೆಕ್ಕದ ಬುಡವನ್ನೇ ಅಲುಗಾಡಿಸಿದ. ಮಾರ್ಷಲ್ ನೂರಾರು ತುಕಡಿಗಳನ್ನು ಮಾತಾಡಿಸಿ ಅಂಥ ಲೆಕ್ಕ ಹಾಕಿದ್ದಕ್ಕೆ ದಾಖಲೆ ಸಿಗಲಿಲ್ಲ. ಸಂದರ್ಶನಗಳಲ್ಲಿ ಜೊತೆಗಿದ್ದ ಅಧಿಕಾರಿಗೆ ಮಾರ್ಷಲ್ ಆ ಪ್ರಶ್ನೆ ಕೇಳಿದ ನೆನಪೇ ಇರಲಿಲ್ಲ. ಇಷ್ಟಾದರೂ ಆ ಅಂಕಿ ಇಂದಿಗೂ ಓಡಾಡಿಕೊಂಡಿದೆ. ಕೊಲ್ಲಲು ಮನುಷ್ಯ ಹಿಂಜರಿಯುತ್ತಾನೆ ಎಂದು ನಂಬುವ ಆಸೆ ನಮಗಿದೆ, ನನಗೂ ಇದೆ. ಆಸೆಗೆ ಒಪ್ಪಿದ ಅಂಕಿಯನ್ನು ಯಾರೂ ತಿರುವಿ ನೋಡುವುದಿಲ್ಲ.

ತರಬೇತಾದವರ ಕೈಯೂ ಆಪತ್ತಿನಲ್ಲಿ ಎಷ್ಟು ನಡುಗುತ್ತದೆ ಎಂಬುದಕ್ಕೆ ಗಟ್ಟಿ ದಾಖಲೆ ಬೇರೆ ಇದೆ. ನ್ಯೂಯಾರ್ಕ್ ಪೊಲೀಸರು 1998ರಿಂದ 2006ರವರೆಗೆ ಗುಂಡಿನ ಚಕಮಕಿಗಳಲ್ಲಿ ಹಾರಿಸಿದ ಗುಂಡುಗಳಲ್ಲಿ ನೂರಕ್ಕೆ 18 ಮಾತ್ರ ಗುರಿ ಮುಟ್ಟಿದ್ದವು. ಇದು ಪೊಲೀಸ್ ಇಲಾಖೆಯೇ ಮಾಡಿಸಿದ ಅಧ್ಯಯನದ ಲೆಕ್ಕ. ಮಿಕ್ಕ ಗುಂಡುಗಳೂ ಎಲ್ಲೋ ಒಂದು ಕಡೆ ಹೋಗಿ ಬಿದ್ದಿರುತ್ತವೆ. ನಾನು ಅಲ್ಲಿದ್ದಿದ್ದರೆ, ನನ್ನ ಕೈಯಲ್ಲೊಂದು ಪಿಸ್ತೂಲು ಇದ್ದಿದ್ದರೆ ಎನ್ನುವವರ ಲೆಕ್ಕದಲ್ಲಿ ಆ 82 ಗುಂಡುಗಳು ಬರುವುದೇ ಇಲ್ಲ.

ಅಪಾಯ ಎದುರಾದಾಗ ದೇಹ ಕಾದಾಟಕ್ಕೋ ಓಟಕ್ಕೋ ಸಜ್ಜಾಗುತ್ತದೆ ಎಂದು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಹೇಳಿದ್ದು 1915ರಲ್ಲಿ. ಎದೆ ಹೊಡೆದುಕೊಳ್ಳುತ್ತದೆ, ರಕ್ತ ಸ್ನಾಯುಗಳಿಗೆ ನುಗ್ಗುತ್ತದೆ. ಆದರೆ ಮೂರನೆಯದೊಂದಿದೆ: ಅಲ್ಲಾಡದೆ ನಿಂತುಬಿಡುವುದು. ‘ಕೈಕಾಲೇ ಆಡಲಿಲ್ಲ’, ‘ಮರಗಟ್ಟಿ ನಿಂತೆ’ ಎಂದು ನಾವು ಹೇಳುವುದು ಇದನ್ನೇ. 1994ರ ಸೆಪ್ಟೆಂಬರ್ 28ರ ರಾತ್ರಿ ಬಾಲ್ಟಿಕ್ ಸಮುದ್ರದಲ್ಲಿ ಎಸ್ಟೋನಿಯಾ ಹಡಗು ಮುಳುಗಿ 852 ಜನ ಸತ್ತರು. ದಾರಿ ಇದ್ದರೂ ಹೆಜ್ಜೆ ಎತ್ತದೆ ಕೂತೇ ಇದ್ದವರನ್ನು ಕಂಡೆವೆಂದು ಬದುಕಿ ಬಂದವರು ಹೇಳಿದರು.

ಹೀಗೆ ಮರಗಟ್ಟಿದವರನ್ನು ಸಮಾಜ ಹೇಡಿಗಳೆಂದು ಕರೆದ ಕಾಲವೂ ಇತ್ತು. ಕ್ಯಾನನ್ ತನ್ನ ವಿಚಾರ ಪ್ರಕಟಿಸಿದ ವರ್ಷವೇ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್, ಫಿರಂಗಿಗಳ ಸದ್ದಿನ ನಡುವೆ ಕಣ್ಣು ಮಂಜಾದ, ನೆನಪು ಕಳೆದುಕೊಂಡ ಸೈನಿಕರ ಬಗ್ಗೆ ಬರೆದು, ಆ ಸ್ಥಿತಿಯನ್ನು ‘ಶೆಲ್ ಶಾಕ್’ ಎಂದ. ಅದು ಕಾಯಿಲೆ ಎಂದು ಒಪ್ಪಿಕೊಳ್ಳಲು ಸೇನೆಗೆ ಮನಸ್ಸಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಓಡಿಹೋದರು, ಹೇಡಿತನ ತೋರಿದರು ಎಂಬಂಥ ಆರೋಪಗಳ ಮೇಲೆ ಬ್ರಿಟಿಷ್ ಪಡೆ ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಅವರಲ್ಲಿ ಎಷ್ಟು ಜನರ ಕೈಕಾಲು ಆ ಕ್ಷಣ ಅವರ ಮಾತು ಕೇಳುತ್ತಿದ್ದವು?

ಇನ್ನು ಜನಜಂಗುಳಿಯ ಮಾತು. ಗುಂಪು ಸೇರಿದೊಡನೆ ಮನುಷ್ಯ ಬುದ್ಧಿ ಕಳೆದುಕೊಳ್ಳುತ್ತಾನೆ ಎಂಬ ವಾದವನ್ನು 1895ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಬಾಂ ಮನೆಮಾತಾಗಿಸಿದ. ಆಳುವವರಿಗೆ ಇದು ಹಿಡಿಸಿತು. 1930ರ ದಶಕದಲ್ಲಿ ಬ್ರಿಟಿಷ್ ಸರಕಾರ, ಲಂಡನ್ನಿನ ಮೇಲೆ ಬಾಂಬು ಬಿದ್ದರೆ ಜನ ಹುಚ್ಚೆದ್ದು ಓಡುತ್ತಾರೆ, ಆಸ್ಪತ್ರೆಗಳು ಮನೋರೋಗಿಗಳಿಂದ ತುಂಬುತ್ತವೆ ಎಂದು ಸಿದ್ಧತೆ ನಡೆಸಿತ್ತು. 1940-41ರಲ್ಲಿ ಬಾಂಬು ಬಿದ್ದವು, ಸಾವಿರಾರು ಜನ ಸತ್ತರು. ಊಹಿಸಿದ ಹುಚ್ಚು ಮಾತ್ರ ಬರಲಿಲ್ಲ. ಜನ ಬೆಳಗೆದ್ದು ಗಾಜಿನ ಚೂರು ಗುಡಿಸಿ ಕೆಲಸಕ್ಕೆ ಹೋದರು. 1950ರ ದಶಕದಿಂದ ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಂಟೆಲ್ಲಿ ಮತ್ತು ಜೊತೆಗಾರರು ಪ್ರವಾಹ, ಬೆಂಕಿ, ಭೂಕಂಪಗಳ ಜಾಗಕ್ಕೇ ಹೋಗಿ ಕೇಳಿ ಬರೆದುಕೊಂಡದ್ದೂ ಅದನ್ನೇ. ಕಣ್ಣು ಮುಚ್ಚಿ ನುಗ್ಗುವ ದಿಗಿಲು ಅಪರೂಪ. ಪಕ್ಕದವರ ಕೈ ಹಿಡಿಯುವುದೇ ಹೆಚ್ಚು. 2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬಾಂಬು ಸಿಡಿದು 52 ಜನ ಸತ್ತಾಗಲೂ ಹಾಗೆಯೇ ಆಯಿತು. ಮುಖ ಕಾಣದಷ್ಟು ಹೊಗೆ ತುಂಬಿದ ಬೋಗಿಗಳಲ್ಲಿ ಗುರುತಿಲ್ಲದವರೇ ಗುರುತಿಲ್ಲದವರಿಗೆ ನೀರು ಕೊಟ್ಟರು, ರಕ್ತ ಒರೆಸಿದರು, ಮಾತಾಡಿಸುತ್ತ ಕೂತರು.

ಎರಡು ತಿಂಗಳೂ ಕಳೆದಿರಲಿಲ್ಲ. ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದು ಅಮೆರಿಕದ ನ್ಯೂ ಆರ್ಲಿಯನ್ಸಿನ ಒಡ್ಡುಗಳು ಒಡೆದವು, ಊರಿನ ನೂರಕ್ಕೆ 80 ಭಾಗ ನೀರಿನಡಿ ಹೋಯಿತು. ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ 20,000ಕ್ಕೂ ಹೆಚ್ಚು ಜನ ಆಶ್ರಯ ಪಡೆದಿದ್ದರು. ಒಳಗೆ ಕೊಲೆ, ಅತ್ಯಾಚಾರ ನಡೆಯುತ್ತಿವೆ, ಹೆಣಗಳು ರಾಶಿ ಬಿದ್ದಿವೆ ಎಂಬ ಸುದ್ದಿ ಹಬ್ಬಿತು. ಅಧಿಕಾರಿಗಳೇ ಅದನ್ನು ಟಿವಿಯಲ್ಲಿ ಹೇಳಿದರು. ಹೆಣ ಸಾಗಿಸಲು ಶೈತ್ಯಾಗಾರದ ಲಾರಿ ಬಂತು. 200 ಹೆಣಗಳಿವೆ ಎಂದು ವೈದ್ಯನಿಗೆ ಹೇಳಿ ಕಳಿಸಿದ್ದರು. ಸಿಕ್ಕಿದ್ದು ಆರು. ಯಾವುದೂ ಕೊಲೆಯಲ್ಲ.

ಸುಳ್ಳು ಸುದ್ದಿಗೆ ಕೋವಿ ಸೇರಿದ್ದು ಸೆಪ್ಟೆಂಬರ್ 4ರಂದು, ಡ್ಯಾನ್ಜಿಗರ್ ಸೇತುವೆಯ ಮೇಲೆ. ಪೊಲೀಸರ ಮೇಲೆ ಗುಂಡು ಹಾರುತ್ತಿದೆ ಎಂಬ ಕರೆ ಕೇಳಿ ಪೊಲೀಸರು ಬಾಡಿಗೆ ಲಾರಿಯಲ್ಲಿ ಧಾವಿಸಿದರು. ಸೇತುವೆ ದಾಟುತ್ತಿದ್ದವರು ಸಾಮಾನು ಹುಡುಕಿಕೊಂಡು ಹೊರಟ ಒಂದು ಕುಟುಂಬ ಮತ್ತು ಇಬ್ಬರು ಅಣ್ಣತಮ್ಮಂದಿರು. ಪೊಲೀಸರು ಇಳಿದವರೇ ಗುಂಡು ಹಾರಿಸಿದರು. 17 ವರ್ಷದ ಹುಡುಗನೊಬ್ಬ, ಬುದ್ಧಿಮಾಂದ್ಯನಾಗಿದ್ದ 40 ವರ್ಷದವನೊಬ್ಬ ಸತ್ತರು. ನಾಲ್ವರು ಗಾಯಗೊಂಡರು. ಯಾರ ಕೈಯಲ್ಲೂ ಆಯುಧ ಇರಲಿಲ್ಲ. ಆಮೇಲೆ ತನಿಖೆಗೆ ಬಂದ ಅಧಿಕಾರಿ ತನ್ನ ಮನೆಯಿಂದ ಒಂದು ಪಿಸ್ತೂಲು ತಂದು, ಅದು ಸೇತುವೆಯ ಬಳಿ ಸಿಕ್ಕಿತೆಂದು ಬರೆದ. ಪ್ರಕರಣ ನ್ಯಾಯಾಲಯಗಳಲ್ಲಿ ಸುತ್ತಿ ಸುತ್ತಿ, 2016ರಲ್ಲಿ ಐವರು ಮಾಜಿ ಪೊಲೀಸರು ತಪ್ಪೊಪ್ಪಿಕೊಂಡರು.

ಸಂಶೋಧಕರಾದ ಲೀ ಕ್ಲಾರ್ಕ್ ಮತ್ತು ಕ್ಯಾರನ್ ಚೆಸ್ ಇಂಥದ್ದನ್ನು ‘ಮೇಲಿನವರ ದಿಗಿಲು’ ಎಂಬರ್ಥದಲ್ಲಿ ಗುರುತಿಸಿದ್ದಾರೆ. ಜನ ದಿಗಿಲುಬೀಳುತ್ತಾರೆಂಬ ದಿಗಿಲು ಅದು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಸೇತುವೆ. ಸಾಮಾನ್ಯ ಅಭಿಪ್ರಾಯವೊಂದು, ನೀರು ಬಂದರೆ ಜನ ಲೂಟಿಗಿಳಿಯುತ್ತಾರೆ ಎಂಬಷ್ಟು ಸಾಮಾನ್ಯವಾದದ್ದು, ಅಲ್ಲಿ ಮೊದಲೇ ಈಡು ತುಂಬಿಕೊಂಡು ಕೂತಿತ್ತು.

ಬೀದಿಯಲ್ಲಿ ಬಿದ್ದರೆ ಎತ್ತುವವರಿಲ್ಲ ಎಂಬುದಕ್ಕೆ ಪ್ರಮಾಣವಾಗಿ ಪ್ರಪಂಚಕ್ಕೆಲ್ಲ ಹಂಚಿಹೋದದ್ದು 1964ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಬ್ಬ ಯುವತಿಯ ಕೊಲೆ. 38 ಜನ ನೋಡುತ್ತ ನಿಂತರು ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಆ ವರದಿಯಲ್ಲಿ ದೋಷಗಳಿದ್ದವೆಂದು ಪತ್ರಿಕೆಯೇ 2016ರಲ್ಲಿ ಒಪ್ಪಿತು. 2019ರಲ್ಲಿ ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್‌ಗಳ 219 ಬೀದಿ ಜಗಳಗಳ ಕ್ಯಾಮೆರಾ ದೃಶ್ಯಗಳನ್ನು ಸಂಶೋಧಕರು ನೋಡಿದಾಗ ಹತ್ತರಲ್ಲಿ ಒಂಬತ್ತು ಕಡೆ ಯಾರಾದರೂ ನಡುವೆ ಬಂದಿದ್ದರು.

ಇನ್ನುಳಿದದ್ದು ದೇವರು. ಸಂಕಟ ಬಂದಾಗ ವೆಂಕಟರಮಣ ಎಂದು ನಾವು ಚುಚ್ಚಿ ಹೇಳುವ ಮಾತನ್ನೇ ಅಮೆರಿಕದವರು, ಯುದ್ಧಭೂಮಿಯ ಕಂದಕದಲ್ಲಿ ನಾಸ್ತಿಕರಿರುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಎರಡನೆಯ ಮಹಾಯುದ್ಧದ ಸೈನಿಕರನ್ನು ಕೇಳಿದಾಗ, ಕಷ್ಟದ ಗಳಿಗೆಯಲ್ಲಿ ಪ್ರಾರ್ಥನೆ ತುಂಬಾ ನೆರವಾಯಿತು ಎಂದವರೇ ಬಹುಪಾಲು. ಜೊತೆಗಾರರ ಕೈಬಿಡಬಾರದೆಂಬ ಯೋಚನೆಯೂ ಬಲವಾಗಿತ್ತು. ಶತ್ರುವಿನ ಮೇಲಿನ ದ್ವೇಷ ನೆರವಾಯಿತು ಎಂದವರು ಅದಕ್ಕಿಂತ ತೀರಾ ಕಡಿಮೆ.

ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡದ್ದು ಇದಕ್ಕೆ ಹತ್ತಿರದ್ದು. ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿನವರಿಗೆ ಯಾವ ಮಂತ್ರವೂ ಬೇಕಿರಲಿಲ್ಲ. ತೆರೆದ ಕಡಲಿಗೆ ಹೋಗುವಾಗ ವಿಧಿಗಳ ಮೇಲೆ ವಿಧಿ. ಬಲೆ, ದೋಣಿಗಳ ಜ್ಞಾನ ಎರಡೂ ಕಡೆ ಅಷ್ಟೇ ಪಕ್ಕಾ ಇತ್ತು. ಮಂತ್ರ ಬಂದದ್ದು ಕೈ ಮೀರಿದ ಜಾಗದಲ್ಲಿ. 2011ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಭೂಕಂಪವಾಗಿ 185 ಜನ ಸತ್ತರು. ಭೂಕಂಪಕ್ಕೆ ಮೊದಲೂ ಆಮೇಲೂ ಅದೇ ಜನರನ್ನು ಕೇಳಿದ ಸಮೀಕ್ಷೆಯಲ್ಲಿ, ಪೆಟ್ಟು ತಿಂದವರಲ್ಲಿ ನಂಬಿಕೆ ಏರಿತ್ತು, ದೇಶದ ಉಳಿದೆಡೆ ಇಳಿದಿತ್ತು. ಆ ಗಾದೆಯನ್ನು ನಾನು ಈಗ ಚುಚ್ಚಿ ಹೇಳಲಾರೆ. ಮುಳುಗುವವನು ಕೈ ಚಾಚಿದರೆ ಅದು ಸೋಗಲ್ಲ.

ಆದರೆ ದಿಗಿಲಿನಲ್ಲಿ ಕೈ ಚಾಚುವುದು ದೇವರ ಕಡೆಗಷ್ಟೇ ಅಲ್ಲ. ಅಮೆರಿಕದಲ್ಲಿ 1999ರಲ್ಲಿ ಕೋವಿ ಇಟ್ಟುಕೊಂಡವರನ್ನು ಏಕೆಂದು ಕೇಳಿದಾಗ ನೂರಕ್ಕೆ 49 ಮಂದಿ ಬೇಟೆ ಎಂದರು, 26 ಮಂದಿ ರಕ್ಷಣೆ ಎಂದರು. 2023ರ ಹೊತ್ತಿಗೆ ರಕ್ಷಣೆಯನ್ನು ಮುಖ್ಯ ಕಾರಣವೆಂದವರು ನೂರಕ್ಕೆ 72. ಎರಡು ಸಮೀಕ್ಷೆಗಳ ಪ್ರಶ್ನೆ ಒಂದೇ ರೀತಿಯದಲ್ಲ, ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ. 2020ರ ಮಾರ್ಚ್‌ನಲ್ಲಿ, ಕೊರೋನಾ ಕಾಲಿಟ್ಟಾಗ, ಅಲ್ಲಿ ಕೋವಿ ಕೊಳ್ಳುವ ಮುನ್ನ ನಡೆಯುವಂಥ ಹಿನ್ನೆಲೆ ಪರಿಶೀಲನೆಗಳು ಒಂದೇ ತಿಂಗಳಲ್ಲಿ 37 ಲಕ್ಷ ದಾಟಿದವು. ವೈರಾಣುವಿಗೆ ಗುಂಡು ಹೊಡೆಯಲಾಗದು. ಜನ ಹೆದರಿದ್ದು ನೆರೆಯ ಜನರಿಗೆ.

ಕಳ್ಳನಿಗೆಂದು ತಂದ ಕೋವಿ ಮನೆಯೊಳಗೆ ಏನು ಮಾಡುತ್ತದೆ? ಅಲ್ಲಿ ಕೋವಿಯಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಒತ್ತಡವೆಂದರೆ ನಮಗೆ ಯುದ್ಧ, ದರೋಡೆ ನೆನಪಾಗುತ್ತವೆ. ಅದು ಬಹಳ ಸಲ ಒಂಟಿ ಕೋಣೆಯ ಒಂದು ಸಂಜೆ. ಪ್ರಯತ್ನಿಸಿ ಬದುಕಿದವರಲ್ಲಿ ಹಲವರು, ನಿರ್ಧಾರಕ್ಕೂ ಕೃತ್ಯಕ್ಕೂ ನಡುವೆ ಒಂದು ಗಂಟೆಯೂ ಇರಲಿಲ್ಲ ಎಂದು ಹೇಳಿದ್ದಾರೆ. ಹಾಗೆ ಬದುಕಿದವರಲ್ಲಿ ಬಹುಪಾಲು ಜನ ಮುಂದೆಯೂ ಬದುಕುತ್ತಾರೆ. ಆ ಗಂಟೆ ದಾಟಿದರೆ ಸಾಕು.

2009ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಒಂದು ವಾರವೂ ತುಂಬದ ಅವಧಿಯಲ್ಲಿ, ಪರಸ್ಪರ ಪರಿಚಯವೇ ಇಲ್ಲದ ಮೂವರು ಒಂದೇ ಅಂಗಡಿಯಲ್ಲಿ ಪಿಸ್ತೂಲು ಕೊಂಡು ಕೆಲವೇ ಗಂಟೆಗಳಲ್ಲಿ ಜೀವ ಕಳೆದುಕೊಂಡರು. ವಿಷಯ ತಿಳಿದ ಅಂಗಡಿಯವನಿಗೆ ತಡೆಯಲಾಗಲಿಲ್ಲ. ಅವನು, ಬೇರೆ ಕೋವಿ ವ್ಯಾಪಾರಿಗಳು, ಆರೋಗ್ಯ ಕಾರ್ಯಕರ್ತರು ಒಟ್ಟಿಗೆ ಕೂತು, ಗಿರಾಕಿಯ ಮುಖದಲ್ಲಿ ಏನನ್ನು ಗಮನಿಸಬೇಕು, ಯಾವಾಗ ಮಾರಬಾರದು ಎಂದು ಬರೆದು ಅಂಗಡಿ ಅಂಗಡಿಗೆ ಹಂಚಿದರು. ಗೋಡೆಗಳ ಮೇಲೆ ಸಹಾಯವಾಣಿಯ ಚೀಟಿಗಳು ಬಂದವು. ಕೋವಿಯನ್ನು ಪ್ರೀತಿಸುವವರೇ ತಮ್ಮವರಿಗೆ ಹೇಳಿಕೊಟ್ಟ ಉಪಾಯವೂ ಅಲ್ಲಿದೆ: ಗೆಳೆಯ ಮಂಕಾಗಿದ್ದಾನೆ ಅನ್ನಿಸಿದರೆ ಅವನ ಮನೆಗೆ ಹೋಗಿ, ‘ಸ್ವಲ್ಪ ದಿನ ನಿನ್ನ ಕೋವಿ ನನ್ನ ಹತ್ತಿರ ಇರಲಿ’ ಎಂದು ಕೇಳುವುದು.